ಅಷ್ಟೂ ಗೊತ್ತಾಗುವುದಿಲ್ಲವೇ?

ಕಳೆದ ತಿಂಗಳು ಅಮ್ಮ ಹಳೆಯ ಹೊಲಿಗೆ ಯಂತ್ರವೊಂದನ್ನು ಮಾರಲು ಹೋಗಿ 2,000 ರೂಪಾಯಿ ಕಳೆದುಕೊಂಡಳು. ಕೊಳ್ಳುತ್ತೇನೆಂದು ಫೋನ್ ಮಾಡಿದವನು ಕ್ಯೂಆರ್ ಕೋಡ್ ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಮುಂಗಡ ನಿಮ್ಮ ಖಾತೆಗೆ ಬರುತ್ತದೆ ಎಂದಿದ್ದನಂತೆ. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕೊಡುವಾಗ. ಪಡೆಯುವವರು ಅದನ್ನು ಒತ್ತುವ ಪ್ರಮೇಯವೇ ಇಲ್ಲ. "ಅಷ್ಟೂ ಕಾಮನ್ ಸೆನ್ಸ್ ಬೇಡವೇನಮ್ಮಾ?" ಎಂದು ರೇಗಿದೆ. ಅವಳು ಏನೂ ಹೇಳದೆ ಒಳಗೆ ಹೋದಳು.

ಹಾಗೆಂದ ಮೇಲೆ ಆ ಮಾತೇ ನನ್ನನ್ನು ಕಾಡಿತು. ಕನ್ನಡದಲ್ಲಿ ಅದಕ್ಕೆ ಗಟ್ಟಿಯಾಗಿ ನಿಂತ ಪದವಿಲ್ಲ. 'ಸಾಮಾನ್ಯ ಜ್ಞಾನ' ಎಂದೊಡನೆ ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕ ಕಣ್ಣಿಗೆ ಬರುತ್ತದೆ. 'ಲೋಕಜ್ಞಾನ', 'ವ್ಯವಹಾರಜ್ಞಾನ' ಎಂಬವು ಹೆಚ್ಚು ಹತ್ತಿರ, ಏಕೆಂದರೆ ನಾಲ್ಕು ಜನರ ನಡುವೆ ಬದುಕಿ ಸಂಪಾದಿಸಿದ್ದು ಎಂಬ ಧ್ವನಿ ಅವುಗಳಲ್ಲಿದೆ. 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎನ್ನುವಾಗ ಮಾತ್ರ ಆ ಮುಕ್ಕಾಲು ಹುಟ್ಟಿನಿಂದಲೇ ಬಂದಿರಬೇಕೆಂಬಂತೆ ಮಾತಾಡುತ್ತೇವೆ.

ನಾನು ಪಿಯುಸಿಯಲ್ಲಿದ್ದಾಗ, ಒಂದು ಬೆಳಗಿನ ಜಾವ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ತುಂಬಿಕೊಂಡಿತ್ತು. ಫ್ಯಾನ್ ಹಾಕಿದರೆ ಹೊರಗೆ ಹೋಗುತ್ತದೆಂದು ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ್ದೆ. ಹಿಂದಿನಿಂದ ಬಂದ ಅಮ್ಮ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ದೀಪವನ್ನೂ ಹಾಕಗೊಡದೆ, ಕತ್ತಲೆಯಲ್ಲೇ ತಡಕಾಡಿ ರೆಗ್ಯುಲೇಟರ್ ತಿರುಗಿಸಿ, ಹಿತ್ತಿಲ ಬಾಗಿಲನ್ನು ಅಗಲವಾಗಿ ತೆರೆದು ನನ್ನನ್ನು ಹೊರಗೆ ದಬ್ಬಿದಳು. ಸ್ವಿಚ್ ಒತ್ತಿದಾಗ ಹಾರುವ ಸಣ್ಣ ಕಿಡಿಯೇ ಅನಾಹುತಕ್ಕೆ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲೇ ಹರಡುತ್ತದೆ, ಮೇಲಿನ ಕಿಟಕಿಗಿಂತ ಬಾಗಿಲೇ ಅದಕ್ಕೆ ಸರಿಯಾದ ದಾರಿ. ಸೋರಿಕೆ ತಿಳಿಯಲೆಂದೇ ಅದಕ್ಕೆ ಮರ್‌ಕ್ಯಾಪ್ಟನ್ ಎಂಬ ನಾತದ ರಾಸಾಯನಿಕ ಬೆರೆಸಿರುತ್ತಾರೆ. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದೆ. ವಿಜ್ಞಾನದ ವಿದ್ಯಾರ್ಥಿ ನಾನೇ ಆಗಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅಮ್ಮನಿಗೆ ಅದು ಹೇಗೆ ಗೊತ್ತಿತ್ತು? ಮನೆಗೆ ಮೊದಲ ಸಿಲಿಂಡರ್ ತಂದವನು ಹೇಳಿಕೊಟ್ಟಿದ್ದನಂತೆ. ಪಿನ್ ವಿಷಯವನ್ನು ಯಾರೂ ಹೇಳಿರಲಿಲ್ಲ. ತರಕಾರಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ, ಪಿನ್ ಒತ್ತಿದರೆ ವ್ಯವಹಾರ ಮುಗಿಯುತ್ತದೆ ಎಂಬಷ್ಟೇ ಅವಳ ಅನುಭವ, ಅದನ್ನೇ ಅವಳು ಇಲ್ಲಿಗೂ ಅನ್ವಯಿಸಿದಳು. ನಾನು ಫ್ಯಾನಿನ ಬಗ್ಗೆ ಯೋಚಿಸಿದ್ದೂ ಇದೇ ರೀತಿ. ಕಚೇರಿಗಳಲ್ಲಿ ಹೊಸಬರಿಗೆ ಕೆಲಸವನ್ನು ಅರ್ಧ ಹೇಳಿ, ಉಳಿದರ್ಧ ತಪ್ಪಿದಾಗ "ಕಾಮನ್ ಸೆನ್ಸ್ ಇಲ್ಲ" ಎನ್ನುವವರನ್ನು ಕಂಡರೆ ನನಗೆ ಮೊದಲೇ ಸಿಟ್ಟು. ಮನೆಯಲ್ಲಿ ನಾನೂ ಅದನ್ನೇ ಮಾಡಿದ್ದೆ.

ನಮ್ಮ ಫ್ರಿಜ್ಜಿನ ಬಾಗಿಲಿನ ಮೇಲೆ ಗ್ಯಾಸ್ ಸೋರಿಕೆಯ ಸಹಾಯವಾಣಿ 1906 ಎಂದು ಬರೆದ ಚೀಟಿಯೊಂದಿದೆ. ಮೊನ್ನೆ ಅಮ್ಮ ಅದರ ಕೆಳಗೆ ಸೈಬರ್ ವಂಚನೆಯ ದೂರಿನ ಸಂಖ್ಯೆ 1930 ಅನ್ನು ಬರೆದು, ಪಕ್ಕದಲ್ಲಿ 'ದುಡ್ಡು ಬರಲು ಪಿನ್ ಬೇಡ' ಎಂದು ಸೇರಿಸಿ, ಎರಡು ಗೆರೆ ಎಳೆದಿದ್ದಾಳೆ.