ಹಾಸನ, ಚಿಕ್ಕಮಗಳೂರಿನಲ್ಲಿದ್ದುಕೊಂಡು ಪಿಎಂಪಿಗೆ ಓದುವವರಿಗೆ

ಪಿಎಂಪಿ ಅಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಶನಲ್, ಪ್ರಾಜೆಕ್ಟ್ ನಡೆಸುವವರಿಗೆ ಅಮೆರಿಕದ ಪಿಎಂಐ ಸಂಸ್ಥೆ ಕೊಡುವ ಪ್ರಮಾಣಪತ್ರ. 2021ರ ರೂಪರೇಖೆಯಂತೆ ಅದರ ಪರೀಕ್ಷೆಯಲ್ಲಿ 180 ಪ್ರಶ್ನೆ, 230 ನಿಮಿಷ. ಭಾಗಿಸಿ ನೋಡಿದರೆ ಒಂದು ಪ್ರಶ್ನೆಗೆ ಸಿಗುವುದು ಸುಮಾರು 77 ಸೆಕೆಂಡು. ಪ್ರಶ್ನೆಯೇ ಐದಾರು ಸಾಲು ಇರುತ್ತದೆ, ಆಯ್ಕೆಗಳು ಇನ್ನೂ ನಾಲ್ಕೈದು ಸಾಲು, ಎಲ್ಲವೂ ಇಂಗ್ಲಿಷಿನಲ್ಲಿ. ನಮ್ಮ ಕಡೆ ಸೈಟಿನಲ್ಲಿ, ಎಸ್ಟೇಟಿನಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ ಎಂಟ್ಹತ್ತು ವರ್ಷ ಕೆಲಸ ಮಾಡಿಸಿದವರಿಗೆ ವಿಷಯ ಹೊಸದೇನಲ್ಲ. ಕೈಕೊಡುವುದು ಎರಡೇ: ಇಂಗ್ಲಿಷ್ ಪ್ರಶ್ನೆ ಓದುವ ವೇಗ, ಮತ್ತು ದಿನಾ ಮಾಡಿ ಮಾಡಿ ಮೈಗೆ ಹತ್ತಿದ ಕೆಲಸದ ಪದ್ಧತಿ. ಎರಡನೆಯದು ಹೆಚ್ಚು ಅಪಾಯದ್ದು, ಯಾಕೆಂದರೆ ಉತ್ತರ ತಪ್ಪಿದರೂ ತಪ್ಪಿದೆ ಅಂತ ಅನ್ನಿಸುವುದೇ ಇಲ್ಲ. ಈ ಎರಡನ್ನು ತಿದ್ದಿಕೊಳ್ಳುವ ಹಾಗೆ ಓದಬೇಕು. ಉಳಿದದ್ದಕ್ಕೆ ಯಾವ ಪುಸ್ತಕವಾದರೂ ಆದೀತು.

ಮೊದಲು ಅರ್ಜಿಯ ಮಾತು. ನಾಲ್ಕು ವರ್ಷದ ಡಿಗ್ರಿ ಇದ್ದವರಿಗೆ ಕಳೆದ ಎಂಟು ವರ್ಷದೊಳಗೆ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು. ಡಿಪ್ಲೊಮಾ ಆದವರಿಗೆ 60 ತಿಂಗಳು. ಜೊತೆಗೆ 35 ಗಂಟೆಯ ತರಬೇತಿ. ಇಲ್ಲಿ ಬಹಳ ಜನ ಎಡವುವುದು ಯಾವುದು ಪ್ರಾಜೆಕ್ಟ್ ಅನ್ನುವುದರಲ್ಲಿ. ಪ್ರತಿವರ್ಷ ಕಾಫಿ ಕೊಯ್ಲು ಮಾಡಿಸುವುದು ಪ್ರಾಜೆಕ್ಟ್ ಅಲ್ಲ, ಅದು ನಡೆದುಕೊಂಡು ಬಂದ ಕೆಲಸ. ಕೊಯ್ಲಿಗೆ ಮುಂಚೆ ಹೊಸ ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಮನೆ) ಕಟ್ಟಿಸಿದರೆ ಅದು ಪ್ರಾಜೆಕ್ಟ್: ಶುರು ಇದೆ, ಕೊನೆ ಇದೆ, ಆದಮೇಲೆ ಕೈಗೆ ಸಿಗುವ ಹೊಸದೊಂದು ಇದೆ. ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟ್ ನಡೆಸಿದ್ದರೂ ಆ ತಿಂಗಳು ಒಂದೇ ಸಲ ಲೆಕ್ಕಕ್ಕೆ ಬರುತ್ತದೆ. ಕೆಲವು ಅರ್ಜಿಗಳು ಆಡಿಟ್‌ಗೆ ಬೀಳುತ್ತವೆ. ಬಿದ್ದರೆ ಡಿಗ್ರಿಯ ಪ್ರತಿ ಕೊಡಬೇಕು, ಆ ಕೆಲಸ ಬಲ್ಲವರಿಂದ ದೃಢೀಕರಣ ತರಿಸಬೇಕು. ಹಾಗಾಗಿ ಅರ್ಜಿ ಹಾಕುವ ಮೊದಲೇ ಹಳೆಯ ಮೇಲಧಿಕಾರಿಗೆ ಒಂದು ಫೋನ್ ಮಾಡಿ, ಏನು ಬರೆಯುತ್ತಿದ್ದೀರಿ ಅಂತ ಹೇಳಿಬಿಡಿ.

ಕಡೇ ವರ್ಷದ ಇಂಜಿನಿಯರಿಂಗ್ ಮಕ್ಕಳು ಇದನ್ನು ಓದುತ್ತಿದ್ದರೆ: ನಿಮಗೆ ಈಗ ಸಿಎಪಿಎಂ ಸರಿ, ಅದು ಪಿಎಂಐನದೇ ಆರಂಭದ ಹಂತದ ಪ್ರಮಾಣಪತ್ರ. ಅನುಭವ ಕೇಳುವುದಿಲ್ಲ, 23 ಗಂಟೆಯ ತರಬೇತಿ ಸಾಕು, 150 ಪ್ರಶ್ನೆ, ಮೂರು ಗಂಟೆ. ಮುಂದೆ ಪಿಎಂಪಿಗೆ ಹೋಗುವಾಗ ಅದು ಚಾಲ್ತಿಯಲ್ಲಿದ್ದರೆ 35 ಗಂಟೆಯ ಷರತ್ತು ಅದರಲ್ಲೇ ಮುಗಿಯುತ್ತದೆ.

ಓದಲು ಕೂರುವ ಮೊದಲು ಪರೀಕ್ಷೆಯ ರೂಪರೇಖೆಯನ್ನು ಪಿಎಂಐ ಜಾಲತಾಣದಿಂದ ಇಳಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಅದು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ, ಆದ್ದರಿಂದ ನಿಮ್ಮ ಪರೀಕ್ಷೆಯ ದಿನಕ್ಕೆ ಯಾವುದು ಅನ್ವಯವೋ ಅದನ್ನೇ ಹಿಡಿಯಬೇಕು. ಇಲ್ಲಿ ಕೊಟ್ಟ ಅಂಕಿಗಳು 2021ರ ಜನವರಿಯಲ್ಲಿ ಜಾರಿಗೆ ಬಂದ ರೂಪರೇಖೆಯವು. ಅದರಲ್ಲಿ ಜನರನ್ನು ನಡೆಸುವ ಭಾಗಕ್ಕೆ 42 ಶೇಕಡಾ, ಕೆಲಸದ ವಿಧಾನಕ್ಕೆ 50, ವ್ಯವಹಾರದ ಪರಿಸರಕ್ಕೆ 8. ಹೆಚ್ಚುಕಡಿಮೆ ಅರ್ಧ ಪ್ರಶ್ನೆ ಅಜೈಲ್ (ಸಣ್ಣ ಸಣ್ಣ ಕಂತಿನಲ್ಲಿ ಮಾಡುತ್ತಾ ತಿದ್ದಿಕೊಳ್ಳುವ) ಅಥವಾ ಹೈಬ್ರಿಡ್ (ಅದನ್ನೂ ಮೊದಲೇ ಯೋಜಿಸಿ ಮಾಡುವುದನ್ನೂ ಬೆರೆಸಿದ) ಪದ್ಧತಿಯದು. ಪಿಎಂಐನ ಮಾರ್ಗದರ್ಶಿ ಪುಸ್ತಕವಾದ ಪಿಎಂಬಾಕ್ ಆರನೇ ಆವೃತ್ತಿಯ 49 ಪ್ರಕ್ರಿಯೆಗಳನ್ನೂ ಅವುಗಳ ಇನ್‌ಪುಟ್, ಔಟ್‌ಪುಟ್‌ಗಳನ್ನೂ ಉರು ಹೊಡೆಯುತ್ತಾ ಎರಡು ತಿಂಗಳು ಕಳೆಯುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಯಾವ ಕೆಲಸದ ಹಿಂದೆ ಯಾವುದು ಬರುತ್ತದೆ, ಯಾಕೆ ಬರುತ್ತದೆ ಅಂತ ತಿಳಿದರೆ ಸಾಕು. ಪಟ್ಟಿ ಒಪ್ಪಿಸಿ ಅಂತ ಕೇಳುವ ಪ್ರಶ್ನೆಗಳು ಈ ಪರೀಕ್ಷೆಯ ಜೀವಾಳವಲ್ಲ.

ಜೀವಾಳ ಅಂದರೆ ಸನ್ನಿವೇಶದ ಪ್ರಶ್ನೆ. ಒಂದನ್ನು ಬಿಡಿಸಿ ನೋಡೋಣ.

ಚಿಕ್ಕಮಗಳೂರಿನ ಹೋಮ್‌ಸ್ಟೇಗಳಿಗೆ ಒಂದು ಬುಕಿಂಗ್ ಆ್ಯಪ್ ತಯಾರಾಗುತ್ತಿದೆ ಅಂದುಕೊಳ್ಳಿ. ಎರಡು ವಾರದ ಸ್ಪ್ರಿಂಟ್, ಅಂದರೆ ಕೆಲಸದ ಒಂದು ಕಂತು, ಅದರ ನಡುವೆ ಇದ್ದೀರಿ. ಒಬ್ಬ ಹೋಮ್‌ಸ್ಟೇ ಮಾಲೀಕರು ತಂಡದ ಹುಡುಗನಿಗೇ ನೇರವಾಗಿ ಫೋನ್ ಮಾಡಿ, ಮುಂಗಡ ಹಣ ವಾಪಸ್ ಮಾಡುವ ಸೌಲಭ್ಯವನ್ನೂ ಸೇರಿಸಿಬಿಡಿ ಅಂದಿದ್ದಾರೆ. ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಏನು ಮಾಡಬೇಕು? ಆಯ್ಕೆಗಳು: ಪ್ರಾಯೋಜಕರಿಗೆ ವಿಷಯ ಮುಟ್ಟಿಸುವುದು; ಹೆಚ್ಚುವರಿ ಸಮಯ ಕೂತು ಮಾಡಿ ಮುಗಿಸಿ ಅಂತ ತಂಡಕ್ಕೆ ಹೇಳುವುದು; ಪ್ರಾಡಕ್ಟ್ ಓನರ್ (ಯಾವುದು ಮೊದಲು ಆಗಬೇಕು ಅಂತ ತೀರ್ಮಾನಿಸುವವರು) ಜೊತೆ ಮಾತಾಡಿ, ಮಾಡಬೇಕಾದ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್‌ನಲ್ಲಿ ಆದ್ಯತೆ ಗೊತ್ತುಮಾಡುವುದು; ಒಪ್ಪಂದದಲ್ಲಿ ಇಲ್ಲ ಅಂತ ತಿರಸ್ಕರಿಸುವುದು.

ನಮ್ಮ ರೂಢಿ ಏನು ಹೇಳುತ್ತದೆ? "ಸಾಹುಕಾರರು ಕೇಳಿದ್ದಾರೆ, ಮಾಡಿಕೊಟ್ಟುಬಿಡಪ್ಪ" ಅನ್ನುತ್ತದೆ. ಇಲ್ಲವೇ ಜವಾಬ್ದಾರಿ ತಲೆ ಮೇಲೆ ಬಾರದಿರಲಿ ಅಂತ ತಕ್ಷಣ ಮೇಲಿನವರಿಗೆ ಫೋನ್ ಮಾಡಿಸುತ್ತದೆ. ಪರೀಕ್ಷೆ ಎರಡನ್ನೂ ಒಪ್ಪುವುದಿಲ್ಲ. ಸರಿ ಉತ್ತರ ಪ್ರಾಡಕ್ಟ್ ಓನರ್. ಈಗ ಇದೇ ಕೋರಿಕೆ ಪಲ್ಪರ್ ಮನೆ ಕಟ್ಟುವಾಗ ಬಂದಿದೆ ಅನ್ನಿ: ನಕ್ಷೆ ಮಂಜೂರಾಗಿದೆ, ಒಪ್ಪಿಗೆಯಾದ ಮೂಲ ಲೆಕ್ಕ ಅಂದರೆ ಬಜೆಟ್ ಬೇಸ್‌ಲೈನ್ ಕಟ್ಟಿ ಆಗಿದೆ, ಸಾಹುಕಾರರು ಮೇಸ್ತ್ರಿಗೆ ಇನ್ನೊಂದು ತೊಟ್ಟಿ ಕಟ್ಟು ಅಂದಿದ್ದಾರೆ. ಆಗ ಮೊದಲ ಹೆಜ್ಜೆ ಬೇರೆ. ಆ ತೊಟ್ಟಿಯಿಂದ ಸಮಯಕ್ಕೆ, ಖರ್ಚಿಗೆ, ನೀರಿನ ವ್ಯವಸ್ಥೆಗೆ ಏನು ಪರಿಣಾಮ ಅಂತ ಲೆಕ್ಕ ಹಾಕಬೇಕು, ಆಮೇಲೆ ಬದಲಾವಣೆ ಕೋರಿಕೆ, ಒಪ್ಪಿಗೆ ಸಿಕ್ಕ ಮೇಲೆ ಕೆಲಸ. ಕೋರಿಕೆ ಒಂದೇ, ಉತ್ತರ ಎರಡು. ಸ್ಪ್ರಿಂಟ್, ಬ್ಯಾಕ್‌ಲಾಗ್, ಇಟರೇಶನ್ ಅನ್ನುವ ಪದ ಕಂಡರೆ ಒಂದು ದಾರಿ. ಬೇಸ್‌ಲೈನ್, ಚೇಂಜ್ ಕಂಟ್ರೋಲ್ ಬೋರ್ಡ್ (ಬದಲಾವಣೆಗೆ ಒಪ್ಪಿಗೆ ಕೊಡುವ ಸಮಿತಿ) ಕಂಡರೆ ಇನ್ನೊಂದು ದಾರಿ.

ಓದುವ ಕ್ರಮವನ್ನೂ ಅಭ್ಯಾಸ ಮಾಡಿಕೊಳ್ಳಬೇಕು. ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿ. ಫಸ್ಟ್, ನೆಕ್ಸ್ಟ್, ಬೆಸ್ಟ್ ಅನ್ನುವ ಒಂದೇ ಪದದ ಮೇಲೆ ಉತ್ತರ ತಿರುಗುತ್ತದೆ. ಆಮೇಲೆ ಮೇಲಿನಿಂದ ಓದುತ್ತಾ ಸಂಗತಿ "ಆಗಬಹುದು" ಅಂತ ಇದೆಯೋ "ಆಗಿದೆ" ಅಂತ ಇದೆಯೋ ನೋಡಿ. ಆಗಬಹುದು ಅಂದರೆ ಅದು ರಿಸ್ಕ್, ರಿಸ್ಕ್ ರಿಜಿಸ್ಟರ್ ತೆರೆಯಬೇಕು. ಆಗಿಹೋಗಿದೆ ಅಂದರೆ ಅದು ಇಶ್ಯೂ, ಇಶ್ಯೂ ಲಾಗ್‌ಗೆ ಹೋಗಬೇಕು. ಕನ್ನಡದಲ್ಲಿ ಈ ಎರಡು ಕ್ರಿಯಾಪದಗಳನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಗೊಂದಲ ಅಲ್ಲೇ ಕರಗುತ್ತದೆ. ಇಂಗ್ಲಿಷಿನಲ್ಲಿ ಓದಿ ಇಂಗ್ಲಿಷಿನಲ್ಲೇ ಯೋಚಿಸಬೇಕು ಅಂತ ಯಾವ ನಿಯಮವೂ ಇಲ್ಲ.

ಪದಗಳನ್ನೂ ಹಾಗೆಯೇ ನಮ್ಮ ನೆಲಕ್ಕೆ ಇಳಿಸಿಕೊಳ್ಳಿ. ಡಿಸೆಂಬರಿನಲ್ಲಿ ಅಕಾಲ ಮಳೆ ಬಂದು ಕಣದಲ್ಲಿ ಹರಡಿದ ಕಾಫಿ ನೆನೆಯುವ ರಿಸ್ಕ್ ಇದೆ. ಟಾರ್ಪಾಲು ತಂದು ಕಣದ ಪಕ್ಕದಲ್ಲೇ ಇಟ್ಟುಕೊಂಡರೆ ಅದು ಮಿಟಿಗೇಟ್. ಹಣ್ಣನ್ನು ಕಣಕ್ಕೇ ಹಾಕದೆ ಯಂತ್ರದ ಡ್ರೈಯರ್‌ನಲ್ಲಿ ಒಣಗಿಸಿದರೆ ಅವಾಯ್ಡ್. ಕೊಯ್ದ ದಿನವೇ ಹಣ್ಣಾಗಿ ಮಾರಿ ಒಣಗಿಸುವ ತಲೆನೋವನ್ನು ಕೊಂಡವರಿಗೆ ಬಿಟ್ಟರೆ ಟ್ರಾನ್ಸ್‌ಫರ್. ನೆನೆದರೆ ನೆನೆಯಲಿ, ನಷ್ಟಕ್ಕೆ ಅಂತ ಇಷ್ಟು ದುಡ್ಡು ಎತ್ತಿಟ್ಟಿದ್ದೇನೆ ಅಂದರೆ ಅಕ್ಸೆಪ್ಟ್. ಹೀಗೆ ಒಂದು ಸಲ ಕಂಡವರಿಗೆ ನಾಲ್ಕು ಹೆಸರೂ ಮರೆಯುವುದಿಲ್ಲ.

ಲೆಕ್ಕದ ಪ್ರಶ್ನೆಗಳು ಬಹಳ ಇರುವುದಿಲ್ಲ, ಆದರೆ ಅರ್ನ್ಡ್ ವ್ಯಾಲ್ಯೂ (ಇವಿ, ಆದ ಕೆಲಸದ ಬಜೆಟ್ ಬೆಲೆ) ಒಂದನ್ನು ಚೆನ್ನಾಗಿ ತಿಳಿದುಕೊಳ್ಳಲೇಬೇಕು. ಸೂತ್ರದ ಹಾಳೆಯನ್ನು ನೋಡುವ ಮೊದಲು ಒಂದು ಕಣವನ್ನು ನೋಡಿ. 10,000 ಚದರಡಿ ಕಾಂಕ್ರೀಟ್ ಕಣ, ಒಟ್ಟು ಬಜೆಟ್ 8 ಲಕ್ಷ, 8 ವಾರದ ಕೆಲಸ, ವಾರಕ್ಕೆ ಒಂದೇ ಸಮನಾಗಿ. ನಾಲ್ಕು ವಾರ ಆಗಿದೆ. ಯೋಜನೆ ಪ್ರಕಾರ ಅರ್ಧ ಕೆಲಸ ಆಗಿರಬೇಕು, ಅಂದರೆ ಪಿವಿ (ಪ್ಲಾನ್ಡ್ ವ್ಯಾಲ್ಯೂ) 4 ಲಕ್ಷ. ಖರ್ಚಾಗಿರುವುದೂ 4 ಲಕ್ಷ, ಅದು ಎಸಿ (ಆ್ಯಕ್ಚುವಲ್ ಕಾಸ್ಟ್). ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಪುಸ್ತಕ ನೋಡಿದವರು "ಲೆಕ್ಕ ಸರಿಯಾಗಿದೆ" ಅನ್ನುತ್ತಾರೆ. ಟೇಪು ಹಿಡಿದು ಕಣ ಅಳೆದರೆ ಆಗಿರುವುದು 4,000 ಚದರಡಿ ಮಾತ್ರ. ಅದರ ಬೆಲೆ ಬಜೆಟ್ ದರದಲ್ಲಿ 3.2 ಲಕ್ಷ, ಅದೇ ಇವಿ. ಇವಿಯನ್ನು ಎಸಿಯಿಂದ ಭಾಗಿಸಿದರೆ ಖರ್ಚಿನ ಸೂಚ್ಯಂಕ ಸಿಪಿಐ 0.8, ಪಿವಿಯಿಂದ ಭಾಗಿಸಿದರೆ ಸಮಯದ ಸೂಚ್ಯಂಕ ಎಸ್‌ಪಿಐ 0.8. ರೂಪಾಯಿಗೆ 80 ಪೈಸೆಯ ಕೆಲಸ ಸಿಕ್ಕಿದೆ, ಕೆಲಸವೂ ಹಿಂದೆ ಬಿದ್ದಿದೆ. ಪುಸ್ತಕದಲ್ಲಿ ಮುಚ್ಚಿಹೋಗಿದ್ದ ಎರಡೂ ಸಂಗತಿ ಟೇಪಿನಿಂದ ಹೊರಬಂದವು. ಇವಿ ಯಾವತ್ತೂ ಅಳೆದ ಕೆಲಸದಿಂದ ಬರುತ್ತದೆ, ಬಿಲ್ಲಿನಿಂದ ಬರುವುದಿಲ್ಲ.

ಮುಂದಿನ ಮೆಟ್ಟಿಲಲ್ಲಿ ಹೆಚ್ಚಿನವರು ಜಾರುತ್ತಾರೆ. ಕೊನೆಗೆ ಒಟ್ಟು ಎಷ್ಟಾದೀತು? ಇದೇ ಚಾಳಿ ಮುಂದುವರಿಯುತ್ತದೆ ಅಂತ ಪ್ರಶ್ನೆಯಲ್ಲಿದ್ದರೆ 8 ಲಕ್ಷವನ್ನು 0.8ರಿಂದ ಭಾಗಿಸಿ, 10 ಲಕ್ಷ. ಒಮ್ಮೆ ಮಾತ್ರ ಮರಳು ಕೊಚ್ಚಿಹೋಗಿತ್ತು, ಮುಂದಿನದು ಬಜೆಟ್ ದರದಲ್ಲೇ ನಡೆಯುತ್ತದೆ ಅಂತ ಇದ್ದರೆ ಖರ್ಚಾದ 4 ಲಕ್ಷಕ್ಕೆ ಉಳಿದ ಕೆಲಸದ 4.8 ಲಕ್ಷ ಕೂಡಿಸಿ, 8.8 ಲಕ್ಷ. ಎರಡೂ ಸಂಖ್ಯೆ ಆಯ್ಕೆಗಳಲ್ಲಿ ಇದ್ದೇ ಇರುತ್ತವೆ. ಸಾಹುಕಾರರು 8 ಲಕ್ಷದಲ್ಲೇ ಮುಗಿಸಬೇಕು ಅಂತ ಹಟ ಹಿಡಿದರೆ? ಉಳಿದ 4.8 ಲಕ್ಷದ ಕೆಲಸವನ್ನು ಉಳಿದ 4 ಲಕ್ಷದಲ್ಲಿ ಎಳೆಯಬೇಕು, ಅಂದರೆ ಟಿಸಿಪಿಐ (ಉಳಿದ ಹಣದಲ್ಲಿ ಮುಗಿಸಲು ಬೇಕಾದ ದರ) 1.2. ಇಲ್ಲಿಯವರೆಗೆ 80 ಪೈಸೆ ತೆಗೆದ ಮೇಸ್ತ್ರಿ ಇನ್ನು ಮುಂದೆ ರೂಪಾಯಿಗೆ 1.20ರ ಕೆಲಸ ತೆಗೆಯಬೇಕು. ಆಗುತ್ತದೋ ಇಲ್ಲವೋ ನೀವೇ ಹೇಳಬಲ್ಲಿರಿ. ಸೂತ್ರ ಅರ್ಥವಾಗುವುದು ಅಂದರೆ ಇದು.

ಸಮಯದ ಹಂಚಿಕೆ: ಕೆಲಸದಲ್ಲಿರುವವರು ದಿನಕ್ಕೆ ಬೆಳಿಗ್ಗೆ ಒಂದು ಗಂಟೆ, ಭಾನುವಾರ ನಾಲ್ಕು ಗಂಟೆ ಇಟ್ಟರೆ ವಾರಕ್ಕೆ ಹತ್ತು ಗಂಟೆ, ಹನ್ನೆರಡು ವಾರಕ್ಕೆ 120 ಗಂಟೆ. ಮೊದಲ ನಾಲ್ಕು ವಾರ ತರಬೇತಿ ಮತ್ತು ಓದು. ಮುಂದಿನ ಐದು ವಾರ ದಿನಕ್ಕೆ 20 ಪ್ರಶ್ನೆ, ಭಾನುವಾರ 60. ಕೊನೆಯ ಮೂರು ವಾರ ವಾರಕ್ಕೊಂದು ಪೂರ್ತಿ ಮಾಕ್ ಟೆಸ್ಟ್. ಕೊಯ್ಲಿನ ಸಮಯದಲ್ಲಿ, ಅಂದರೆ ಅರೇಬಿಕಾ ಶುರುವಾಗುವ ನವೆಂಬರಿನಿಂದ ರೊಬಸ್ಟಾ ಮುಗಿಯುವ ಮಾರ್ಚಿನವರೆಗೆ, ಎಸ್ಟೇಟ್ ಕೆಲಸದವರು ಪರೀಕ್ಷೆ ಇಟ್ಟುಕೊಳ್ಳಬೇಡಿ. ಅರ್ಜಿ ಒಪ್ಪಿಗೆಯಾದ ಮೇಲೆ ಒಂದು ವರ್ಷದ ಅವಕಾಶ ಇರುತ್ತದೆ, ಅಷ್ಟರೊಳಗೆ ಮೂರು ಸಲ ಬರೆಯಬಹುದು.

ಎಲ್ಲಕ್ಕಿಂತ ಬೆಲೆಬಾಳುವುದು ತಪ್ಪುಗಳ ನೋಟ್‌ಬುಕ್. ನೂರು ಪುಟದ ಸಾಮಾನ್ಯ ಪುಸ್ತಕ ಸಾಕು. ತಪ್ಪಾದ ಪ್ರತಿ ಪ್ರಶ್ನೆಗೆ ಎರಡು ಸಾಲು ಬರೆಯಿರಿ: ನಾನು ಆರಿಸಿದ್ದು ಯಾಕೆ, ಸರಿಯಾದದ್ದು ಯಾಕೆ ಸರಿ. ಅಂಚಿನಲ್ಲಿ ಒಂದು ಅಕ್ಷರ. ವಿಷಯವೇ ಗೊತ್ತಿರಲಿಲ್ಲ ಅಂದರೆ "ಗೊ", ಪ್ರಶ್ನೆ ಓದಿದ್ದು ತಪ್ಪಿತು ಅಂದರೆ "ಓ", ನಮ್ಮ ಸೈಟಿನ ರೂಢಿಯಂತೆ ಉತ್ತರಿಸಿದೆ ಅಂದರೆ "ರೂ". ಎರಡು ವಾರ ಬಿಟ್ಟು ಅಂಚನ್ನು ಎಣಿಸಿ. "ಗೊ" ಹೆಚ್ಚಿದ್ದರೆ ಪುಸ್ತಕಕ್ಕೆ ಹಿಂತಿರುಗಿ. "ಓ" ಹೆಚ್ಚಿದ್ದರೆ ಹೊಸ ಪಾಠ ಓದಿ ಏನೂ ಪ್ರಯೋಜನವಿಲ್ಲ, ಗಡಿಯಾರ ಇಟ್ಟುಕೊಂಡು ಓದುವುದನ್ನೇ ಅಭ್ಯಾಸ ಮಾಡಿ. "ರೂ" ಹೆಚ್ಚಿದ್ದರೆ ಒಂದೊಂದು ಪ್ರಶ್ನೆಗೂ ನಿಂತು, ಪರೀಕ್ಷೆ ಇಷ್ಟಪಡುವ ಮ್ಯಾನೇಜರ್ ಯಾರು ಅಂತ ಯೋಚಿಸಿ. ಅವರು ಮೊದಲು ವಿಚಾರಿಸುತ್ತಾರೆ, ಆಮೇಲೆ ಕೈಹಾಕುತ್ತಾರೆ. ಇಬ್ಬರು ಜಗಳವಾಡಿದರೆ ಅವರಿಬ್ಬರ ಜೊತೆಯೇ ಕೂತು ಮಾತಾಡುತ್ತಾರೆ, ನೇರ ಎಚ್‌ಆರ್‌ಗೆ ಕಳಿಸುವುದಿಲ್ಲ. ತಮ್ಮ ಕೈಯಲ್ಲಿ ಆಗುವುದನ್ನು ಮೇಲಿನವರ ಮೇಲೆ ಹಾಕುವುದಿಲ್ಲ. ಅಡ್ಡಿ ಬಂದರೆ ತಂಡಕ್ಕೆ ದಾರಿ ಬಿಡಿಸಿಕೊಡುತ್ತಾರೆ.

ಒಂದೇ ಮಾಕ್ ಟೆಸ್ಟನ್ನು ಮತ್ತೆ ಮತ್ತೆ ಬರೆಯಬೇಡಿ. ಎರಡನೇ ಸಲ ಅಂಕ ಏರುವುದು ನೆನಪಿನಿಂದ. ಬರೆದ ದಿನ ವಿಶ್ರಾಂತಿ, ಮರುದಿನ ಮತ್ತು ಅದರ ಮರುದಿನ ವಿಮರ್ಶೆ. ಸರಿಯಾದ ಉತ್ತರಗಳಲ್ಲೂ ಅಂದಾಜಿನಲ್ಲಿ ಹೊಡೆದವನ್ನು ನೋಡಬೇಕು. ಪಾಸಾಗಲು ಇಷ್ಟು ಅಂಕ ಅಂತ ಪಿಎಂಐ ಪ್ರಕಟಿಸುವುದಿಲ್ಲ, ಹಾಗಾಗಿ ಯಾರೋ ಹೇಳಿದ ಶೇಕಡಾವಾರಿನ ಹಿಂದೆ ಓಡಬೇಡಿ. "ನಿಜವಾದ ಪರೀಕ್ಷೆಯ ಪ್ರಶ್ನೆಗಳು" ಅಂತ ಮಾರುವ ಪಿಡಿಎಫ್‌ಗಳನ್ನು ಮುಟ್ಟಲೇಬೇಡಿ. ಅದು ನಿಯಮಕ್ಕೆ ವಿರುದ್ಧ, ಉತ್ತರಗಳನ್ನೂ ನಂಬುವ ಹಾಗಿಲ್ಲ.

ಇನ್ನು ಪರೀಕ್ಷೆಯ ದಿನ. ಮನೆಯಿಂದಲೇ ಆನ್‌ಲೈನಿನಲ್ಲಿ ಬರೆಯಬಹುದು, ಆದರೆ ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಕೂರುವುದು ಬೇಡ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೂ ರೌಟರ್‌ಗೆ ಇರುವುದಿಲ್ಲ. ತುಂಬಿದ ಮನೆಯಲ್ಲಿ ನಾಲ್ಕು ಗಂಟೆ ಯಾರೂ ಬಾಗಿಲು ತಳ್ಳದ ಕೋಣೆಯೂ ಸಿಗುವುದು ಕಷ್ಟ. ಯಾರಾದರೂ ಒಳಗೆ ಬಂದರೆ ಪರೀಕ್ಷೆಯೇ ರದ್ದಾಗಬಹುದು. ಕಾಗದ, ಪೆನ್ನಿಗೂ ಅವಕಾಶವಿಲ್ಲ, ಪರದೆಯ ಮೇಲಿನ ವೈಟ್‌ಬೋರ್ಡ್ ಮಾತ್ರ. ಈ ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಕಂಪನಿಯ ಬೆಂಗಳೂರಿನ ಕೇಂದ್ರಕ್ಕೆ ಹೋಗುವುದು ಒಳ್ಳೆಯದು, ಅದೂ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಹಾಸನದಿಂದ ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಇಳಿದು, ಮತ್ತೆ ನಾಲ್ಕು ಗಂಟೆ ಪರೀಕ್ಷೆಗೆ ಕೂರಲು ಮೈ ಕೇಳುವುದಿಲ್ಲ.

ಗುರುತಿನ ಚೀಟಿಯ ವಿಷಯ ಅರ್ಜಿ ಹಾಕುವ ದಿನವೇ ನೋಡಬೇಕು. ನಮ್ಮ ಹೆಸರುಗಳ ಮುಂದೆ ಊರಿನ, ತಂದೆಯ ಇನಿಷಿಯಲ್‌ಗಳು. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದಿರುತ್ತದೆ, ಬೇರೆ ಕಡೆ ಬರೀ ಅಕ್ಷರ. ಪಿಎಂಐ ಖಾತೆಯಲ್ಲಿರುವ ಹೆಸರು ನೀವು ಒಯ್ಯುವ ಚೀಟಿಯಲ್ಲಿದ್ದಂತೆಯೇ ಇರಬೇಕು. ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಕಟ್ಟಿದ ಶುಲ್ಕವೂ ಹೋಗುತ್ತದೆ.

ಪರೀಕ್ಷೆ 60ರ ಮೂರು ಭಾಗ. 60 ಮತ್ತು 120ರ ನಂತರ ಹತ್ತು ಹತ್ತು ನಿಮಿಷದ ವಿರಾಮ, ಅದು 230ರಲ್ಲಿ ಸೇರುವುದಿಲ್ಲ. ಒಂದು ಭಾಗ ಮುಗಿಸಿ ವಿರಾಮಕ್ಕೆ ಎದ್ದರೆ ಆ 60ಕ್ಕೆ ಮತ್ತೆ ಹೋಗಲಾಗದು, ಆದ್ದರಿಂದ ಗುರುತು ಮಾಡಿಟ್ಟ ಪ್ರಶ್ನೆಗಳನ್ನು ಏಳುವ ಮುಂಚೆ ಮುಗಿಸಿ. ಮೊದಲ ವಿರಾಮಕ್ಕೆ ಗಡಿಯಾರದಲ್ಲಿ 154 ನಿಮಿಷ, ಎರಡನೆಯದಕ್ಕೆ 77 ಉಳಿದಿರಬೇಕು. 180ರಲ್ಲಿ 5 ಪ್ರಶ್ನೆಗೆ ಅಂಕವೇ ಇಲ್ಲ, ಯಾವುದು ಅಂತ ತಿಳಿಯುವುದಿಲ್ಲ. ಒಂದು ಪ್ರಶ್ನೆ ಎಷ್ಟು ಓದಿದರೂ ತಲೆಗೆ ಹತ್ತದಿದ್ದರೆ ಅದರ ಮೇಲೆ ಮೂರು ನಿಮಿಷ ಸುರಿಯಬೇಡಿ. ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ, ಏನಾದರೂ ಒಂದನ್ನು ಒತ್ತಿ ಮುಂದೆ ಹೋಗಿ. ವಿರಾಮ ಬೇಡ ಅನ್ನಿಸಿದರೂ ಎದ್ದು ಹೊರಗೆ ಬನ್ನಿ, ನೀರು ಕುಡಿದು ಎರಡು ಬಾಳೆಹಣ್ಣು ತಿನ್ನಿ. ಕೊನೆಯ 60ರಲ್ಲಿ ಓದುವ ವೇಗ ಬೀಳುವುದು ಹಸಿವಿನಿಂದಲೂ ಹೌದು.