ಸಿಲ್‌ಚೆಸ್ಟರ್: ಗೋಡೆ ಇದೆ, ಊರಿಲ್ಲ

ಇಂಗ್ಲೆಂಡಿನಲ್ಲಿ ರೋಮನ್ನರ ಕುರುಹು ನೋಡಬೇಕೆಂದರೆ ಎಲ್ಲರೂ ಬಾತ್ ಊರಿಗೆ ಓಡುತ್ತಾರೆ. ನನಗೆ ಆ ನೂಕುನುಗ್ಗಲು ಬೇಡವಾಗಿತ್ತು. ರೆಡಿಂಗ್‌ನಲ್ಲಿ ಕೆಲಸದಲ್ಲಿರುವ ತಮ್ಮನನ್ನು ಎಬ್ಬಿಸಿಕೊಂಡು ರೈಲು ಹತ್ತಿ ಮಾರ್ಟಿಮರ್‌ನಲ್ಲಿ ಇಳಿದೆ. ಅಲ್ಲಿಂದ ಸಿಲ್‌ಚೆಸ್ಟರ್‌ಗೆ ಹೊಲದ ದಾರಿ, ಸುಮಾರು ಒಂದು ಗಂಟೆಯ ನಡಿಗೆ. ಕೆಸರು ಜಾಸ್ತಿ.

ಸಿಲ್‌ಚೆಸ್ಟರ್‌ಗೆ ರೋಮನ್ನರ ಕಾಲದಲ್ಲಿ ಕಲ್ಲೇವಾ ಎಂಬ ಹೆಸರು. ಅಟ್ರೆಬಾಟೆಸ್ ಬುಡಕಟ್ಟಿನವರ ಮುಖ್ಯ ಪಟ್ಟಣ. ಲಂಡನ್ನಿನಲ್ಲಾದರೆ ರೋಮನ್ ಊರಿನ ಮೇಲೆ ಮತ್ತೆ ಊರು ಬೆಳೆಯಿತು. ಇಲ್ಲಿ ಜನ ಬಿಟ್ಟು ಹೋದರು, ಮತ್ತೆ ಯಾರೂ ಬಂದು ಪಟ್ಟಣ ಕಟ್ಟಲಿಲ್ಲ. ಹಾಗಾಗಿ ಸುತ್ತುಗೋಡೆ ಹೆಚ್ಚುಕಡಿಮೆ ಪೂರ್ತಿ ಉಳಿದಿದೆ. ಒಳಗೆ ಒಂದು ಮೂಲೆಯಲ್ಲಿ ಹಳೇ ಚರ್ಚು, ಒಂದು ತೋಟದ ಮನೆ. ಮಿಕ್ಕಿದ್ದೆಲ್ಲ ಹುಲ್ಲು.

ಕ್ರಿ.ಶ. 3ನೇ ಶತಮಾನದ ಈ ಗೋಡೆಯ ಸುತ್ತಳತೆ ಸುಮಾರು 2.4 ಕಿ.ಮೀ. ದಕ್ಷಿಣದ ಕಡೆ ಕೆಲವೆಡೆ ಎರಡಾಳು ಎತ್ತರ ನಿಂತಿದೆ. ಹತ್ತಿರ ಹೋಗಿ ನೋಡಿ: ಮುಷ್ಟಿಗಾತ್ರದ ಚಕಮಕಿ ಕಲ್ಲುಗಳ ಸಾಲು ಸಾಲು, ಅವುಗಳ ನಡುವೆ ಗಾರೆ, ಅಲ್ಲಲ್ಲಿ ಬಿಗಿಗೆ ಚಪ್ಪಡಿ ಕಲ್ಲಿನ ಒಂದು ವರಸೆ. ಇದು ಗೋಡೆಯ ಮೈಯಲ್ಲ, ಹೊಟ್ಟೆ. ಮೇಲಿನ ಒಳ್ಳೆಯ ಕಲ್ಲನ್ನೆಲ್ಲ ಜನ ಎಂದೋ ಕಿತ್ತುಕೊಂಡು ಹೋಗಿದ್ದಾರೆ. ಹಾಳುಬಿದ್ದ ಕೋಟೆಯ ಕಲ್ಲು ಸುಮ್ನೆ ಬಿಡೋರು ಯಾವ ದೇಶದಲ್ಲಿದ್ದಾರೆ ಹೇಳಿ?

ಊರೊಳಗಿನ ಬೀದಿಗಳು ಮಣ್ಣಿನಡಿ ಇವೆ. 1890ರಿಂದ 1909ರವರೆಗೆ ಊರನ್ನು ಅಗೆದು ನಕ್ಷೆ ಬರೆದು ಮತ್ತೆ ಮುಚ್ಚಿದರು. ಆಮೇಲೆ ರೆಡಿಂಗ್ ವಿಶ್ವವಿದ್ಯಾಲಯದವರು 1997ರಿಂದ ಒಂದು ಭಾಗವನ್ನಷ್ಟೇ ಹಿಡಿದು ಹದಿನೆಂಟು ಬೇಸಿಗೆ ನಿಧಾನವಾಗಿ ಅಗೆದರು. ರೋಮನ್ನರು ಬರುವುದಕ್ಕೂ ಮುಂಚಿನ ಬಾವಿಯೊಂದರಲ್ಲಿ ಅವರಿಗೆ ಆಲಿವ್ ಬೀಜ ಸಿಕ್ಕಿತು. ಆ ಕಾಲದ ಪದರಗಳಲ್ಲಿ ಕೊತ್ತಂಬರಿಯೂ ಇತ್ತು! ಚಿನ್ನ ಸಿಕ್ಕಿದ್ದರೂ ನನಗೆ ಇಷ್ಟು ಖುಷಿ ಆಗುತ್ತಿರಲಿಲ್ಲ. ಅಡುಗೆಮನೆಯ ಸುದ್ದಿ ಅಲ್ವಾ.

ಗೋಡೆಯಾಚೆ, ಈಶಾನ್ಯಕ್ಕೆ, ಮರಗಳ ಮಧ್ಯೆ ಆಂಫಿಥಿಯೇಟರ್, ಅಂದರೆ ಜನ ಸುತ್ತ ಕೂತು ಆಟ, ಕಾದಾಟ ನೋಡುತ್ತಿದ್ದ ಬಯಲು ಅಖಾಡ. ಮೊದಲು ಕಟ್ಟಿದ್ದು 1ನೇ ಶತಮಾನದಲ್ಲಿ. ಸುತ್ತ ಏರಿದ ಮಣ್ಣಿನ ದಿಬ್ಬದ ಮೇಲೆ ಸಾವಿರಾರು ಜನ ಕೂರುತ್ತಿದ್ದರಂತೆ. ನನ್ನ ತಮ್ಮ ಅಖಾಡದ ನಡುವೆ ನಿಂತು, "ಅಕ್ಕಾ, ಈಗ ಹುಲಿ ಬಿಡು!" ಎಂದು ಕೂಗಿದ. ನಾಯಿ ಹಿಡಿದುಕೊಂಡು ಬಂದಿದ್ದ ಅಜ್ಜಿಯೊಬ್ಬರು ನಮ್ಮನ್ನೊಮ್ಮೆ ನೋಡಿ ನಕ್ಕು ಮುಂದೆ ಹೋದರು.

ಟಿಕೆಟ್ ಇಲ್ಲ. ಗೋಡೆಯ ಬಳಿ ಟೀ ಅಂಗಡಿಯೂ ಇಲ್ಲ. ಬುತ್ತಿ, ನೀರು, ಗಟ್ಟಿ ಬೂಟು ನೀವೇ ತನ್ನಿ. ವಾಪಸ್ ಬರುವಾಗ ರೆಡಿಂಗ್ ಮ್ಯೂಸಿಯಮ್ಮಿಗೆ ಹೋಗಿ: 1866ರಲ್ಲಿ ಇಲ್ಲಿ ಸಿಕ್ಕ, ರೆಕ್ಕೆ ಕಳೆದುಕೊಂಡ ಕಂಚಿನ ಹದ್ದು ಅಲ್ಲಿದೆ.