ಯಾಜಕ ಹೋಗುತ್ತಿದ್ದದ್ದಾ, ಬರುತ್ತಿದ್ದದ್ದಾ?

ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ನಾನು ಪಾಠ ಹೇಳಲು ಶುರುಮಾಡಿ ಹನ್ನೊಂದು ವರ್ಷ ಆಯಿತು. ಒಳ್ಳೆಯ ಸಮಾರ್ಯದವನ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಲೂಕನ ಸುವಾರ್ತೆಯ 10ನೇ ಅಧ್ಯಾಯ. 'ನನ್ನ ನೆರೆಯವನು ಯಾರು?' ಅಂತ ಒಬ್ಬ ಧರ್ಮೋಪದೇಶಕ ಕೇಳಿದ್ದಕ್ಕೆ ಯೇಸು ಹೇಳಿದ ಕಥೆ ಅದು. ಯೆರೂಸಲೇಮಿನಿಂದ ಯೆರಿಕೋವಿಗೆ ಹೊರಟವನನ್ನು ಕಳ್ಳರು ಹೊಡೆದು, ಬಟ್ಟೆ ಕಿತ್ತುಕೊಂಡು, ಅರೆಜೀವ ಮಾಡಿ ಬಿಟ್ಟು ಹೋಗುತ್ತಾರೆ. ಒಬ್ಬ ಯಾಜಕ, ಅಂದರೆ ಯೆರೂಸಲೇಮಿನ ದೇವಾಲಯದ ಪುರೋಹಿತ, ಬರುತ್ತಾನೆ, ನೋಡಿ ಆಚೆ ಬದಿಯಿಂದ ಹೋಗುತ್ತಾನೆ. ದೇವಾಲಯದ ಕೆಲಸಕ್ಕೆ ನೇಮಕವಾದ ಕುಲದ ಒಬ್ಬ ಲೇವಿಯ ಬರುತ್ತಾನೆ, ಅವನೂ ಹಾಗೆಯೇ. ಕೊನೆಗೆ ಯಾರನ್ನು ಕಂಡರೆ ಯೆಹೂದ್ಯರಿಗೆ ಆಗುತ್ತಿರಲಿಲ್ಲವೋ ಆ ಸಮಾರ್ಯದವನು ನಿಂತು, ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದುಕೊಂಡು ಹೋಗಿ, ಆರೈಕೆಗೆ ಛತ್ರದವನಿಗೆ ಎರಡು ನಾಣ್ಯ ಕೊಡುತ್ತಾನೆ.

ಕಳೆದ ಜುಲೈಯಲ್ಲಿ ಒಂದು ಭಾನುವಾರ ಇದನ್ನೇ ಹೇಳುತ್ತಿದ್ದೆ. ಹೊರಗೆ ಜೋರು ಮಳೆ. ಹಂಚಿನ ಮೇಲೆ ಬೀಳುವ ಸದ್ದಿಗೆ ನಾನು ಕೂಗಿ ಕೂಗಿ ಹೇಳಬೇಕಿತ್ತು. ಪ್ರತಿ ಸಲದ ಹಾಗೆ, "ಯಾಜಕನಿಗೆ ಆಲಯದಲ್ಲಿ ಸೇವೆ ಇತ್ತು, ತಡವಾಗುತ್ತದೆ ಅಂತ ಓಡಿದ" ಅಂದೆ. ಹಿಂದಿನ ಬೆಂಚಿನಿಂದ ಒಂಬತ್ತು ವರ್ಷದ ಹುಡುಗ ಕೈ ಎತ್ತಿದ.

"ಟೀಚರ್, ಅವನು ದೇವಾಲಯಕ್ಕೆ ಹೋಗುತ್ತಿದ್ದದ್ದಾ, ಅಲ್ಲಿಂದ ಬರುತ್ತಿದ್ದದ್ದಾ?"

"ಹೋಗುತ್ತಿದ್ದದ್ದು" ಅಂದೆ. ತಕ್ಷಣ ಅಂದೆ, ಯೋಚನೆ ಮಾಡದೆ. ಅವನು ತಲೆ ಆಡಿಸಿ ನೋಟ್ ಪುಸ್ತಕದಲ್ಲಿ ಬರೆದುಕೊಂಡ. ನನಗೆ ನಿಜವಾಗಿ ತೊಂದರೆ ಕೊಟ್ಟದ್ದು ಆ ಬರೆದುಕೊಂಡದ್ದು. ಮನೆಗೆ ಬಂದರೂ ತಲೆಯಲ್ಲಿ ಅದೇ. ನಾನು ಹೇಳಿದ್ದು ಬೈಬಲಿನಲ್ಲಿ ಇದೆಯಾ? ಅಥವಾ ಯಾರೋ ಹೇಳಿದ್ದನ್ನು ಕೇಳಿ, ಅದೇ ವಚನ ಅಂದುಕೊಂಡು ಹನ್ನೊಂದು ವರ್ಷ ಹೇಳುತ್ತಾ ಬಂದೆನಾ?

ವಾರವಿಡೀ ಕೆಲಸ. ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಬೈಬಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಪಕ್ಕದ ಓಣಿಯ ದೊಡ್ಡಮ್ಮನ ಮನೆಗೆ ಹೋದೆ. ಅವರು ರಕ್ತ ಸಂಬಂಧದ ದೊಡ್ಡಮ್ಮ ಅಲ್ಲ. ನಮ್ಮ ಸಭೆಯ ಎಲ್ಲರಿಗೂ ಅವರು ದೊಡ್ಡಮ್ಮ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಒಂದು ಇಡೀ ಗೋಡೆ ಪುಸ್ತಕ.

"ಎಂತ ಮಾರಾಯ್ತಿ, ಈ ಮಳೆಯಲ್ಲಿ?" ಅಂದರು. ವಿಷಯ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ಹಾಕಿಕೊಂಡು, "ಕೂತ್ಕೋ. ಮೊದಲು ಓದು. ಅರ್ಥ ಹೇಳಬೇಡ, ಸುಮ್ನೆ ಓದು" ಅಂದರು.

ನಾನು 10ನೇ ಅಧ್ಯಾಯದ 30ನೇ ವಚನದಿಂದ ಶುರುಮಾಡಿದೆ. ಅವರು ತಡೆದರು. "ಅಲ್ಲಿಂದ ಯಾಕೆ? 9ನೇ ಅಧ್ಯಾಯದ ಕೊನೆಯಿಂದ ಓದು."

ಬೈಬಲ್ ಬರೆದವರು ಅಧ್ಯಾಯ ಮಾಡಿ ಬರೆದವರಲ್ಲ. ಈಗ ನಾವು ಬಳಸುವ ಅಧ್ಯಾಯಗಳು 13ನೇ ಶತಮಾನದಲ್ಲಿ ಇಂಗ್ಲೆಂಡಿನ ಸ್ಟೀಫನ್ ಲ್ಯಾಂಗ್ಟನ್ ಅವರ ವಿಂಗಡಣೆಯಿಂದ ಬಂದವು. ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳನ್ನು ಹಾಕಿದ್ದು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕರು, 1551ರಲ್ಲಿ. ನನಗೆ ಇದು ಗೊತ್ತಿತ್ತು. ಗೊತ್ತಿದ್ದರೂ ಅಧ್ಯಾಯದ ಅಂಕೆ ಕಂಡ ಕೂಡಲೇ ಗೋಡೆ ಬಂದ ಹಾಗೆ ನಿಂತುಬಿಡುತ್ತಿದ್ದೆ.

ಹಿಂದಕ್ಕೆ ಹೋಗಿ ಓದಿದೆ. ಯೇಸು ಯೆರೂಸಲೇಮಿಗೆ ಹೊರಟಿದ್ದಾರೆ. ಇಳಿದುಕೊಳ್ಳಲು ಒಂದು ಊರಿಗೆ ಜನ ಕಳಿಸುತ್ತಾರೆ. ಆ ಊರಿನವರು ಸೇರಿಸುವುದಿಲ್ಲ. ಶಿಷ್ಯರಾದ ಯಾಕೋಬ, ಯೋಹಾನರಿಗೆ ಸಿಟ್ಟು ಬಂದು, ಆಕಾಶದಿಂದ ಬೆಂಕಿ ಬಿದ್ದು ಇವರು ನಾಶವಾಗಲಿ ಅಂತ ಹೇಳೋಣವಾ ಎಂದು ಕೇಳುತ್ತಾರೆ. ಯೇಸು ಅವರನ್ನೇ ಗದರಿಸುತ್ತಾರೆ. ಅದು ಯಾವ ಊರು? ಸಮಾರ್ಯದವರ ಊರು.

ನನಗೆ ಮೈ ಜುಮ್ಮೆಂದಿತು. ತಮ್ಮನ್ನು ಬಾಗಿಲಿನಿಂದ ಓಡಿಸಿದ ಜನರಲ್ಲೇ ಒಬ್ಬನನ್ನು ಆರಿಸಿ, ಅದೇ ಶಿಷ್ಯರ ಎದುರಿಗೆ ಕಥೆಯ ಒಳ್ಳೆಯವನನ್ನಾಗಿ ಮಾಡಿದ್ದಾರೆ. ಒಂದೇ ಒಂದು ಪುಟ ಹಿಂದೆ ಇತ್ತು ಇದು. ಬೈಬಲನ್ನು ಆಳವಾಗಿ ಓದಲು ಮೊದಲ ಸಾಧನ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಈಗ ಹೇಳುವುದು ಇದನ್ನೇ: ಹಿಂದಿನ ಪುಟ. ದುಡ್ಡು ಬೇಡ, ಇಂಟರ್ನೆಟ್ ಬೇಡ.

ಆಮೇಲೆ ಪುಸ್ತಕದ ಕೊನೆಯಲ್ಲಿರುವ ನಕ್ಷೆ ತೆಗೆದೆವು. ಯೆರೂಸಲೇಮ್ ಬೆಟ್ಟದ ಮೇಲಿನ ಪಟ್ಟಣ, ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಯೆರಿಕೋ ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿಯಲ್ಲಿ ಸಾವಿರ ಮೀಟರ್ ಇಳಿಯಬೇಕು. ಚಾರ್ಮಾಡಿ ಘಾಟಿ ಇಳಿದ ಹಾಗೆ ಅಂತ ಮಕ್ಕಳಿಗೆ ಹೇಳಬಹುದು ಅಂದೆ. "ಹೇಳು, ಆದರೆ ಮರ, ತೊರೆ ಎಲ್ಲ ತೆಗೆದುಬಿಟ್ಟ ಚಾರ್ಮಾಡಿ ಅಂತ ಹೇಳು. ಅದು ಬೋಳು ಗುಡ್ಡ, ಮರಳುಗಾಡು" ಅಂದರು ದೊಡ್ಡಮ್ಮ. ಯೆಹೋಶುವನ ಪುಸ್ತಕದಲ್ಲಿ ಗಡಿಗಳ ಪಟ್ಟಿ ಬರುವಾಗ ಈ ದಾರಿಯಲ್ಲಿ ಅದುಮ್ಮೀಮ್ ಎಂಬ ಏರು ಬರುತ್ತದೆ. ಆ ಹೆಸರಿನ ಒಳಗೆ ಕೆಂಪು ಅನ್ನುವ ಅರ್ಥ ಇದೆ. ಕಳ್ಳರು ಅಲ್ಲಿ ಹರಿಸಿದ ರಕ್ತದಿಂದ ಆ ಹೆಸರು ಬಂತು ಅಂತ ಹಳೆಯ ಕಾಲದ ಪಂಡಿತ ಜೆರೋಮ್ ಬರೆದಿದ್ದಾರೆ. ಗಡಿಯ ಪಟ್ಟಿ ಅಂದರೆ ನಾನು ಯಾವಾಗಲೂ ಹಾರಿಸಿ ಓದುತ್ತಿದ್ದೆ.

ಈಗ ನಮ್ಮ ಹುಡುಗನ ಪ್ರಶ್ನೆ. ಯಾಜಕ ಯಾವ ಕಡೆ ಹೋಗುತ್ತಿದ್ದ?

ದೊಡ್ಡಮ್ಮನ ಮೊಮ್ಮಗಳು ಮೊಬೈಲಿನಲ್ಲಿ ಸ್ಟೆಪ್ ಬೈಬಲ್ ತೆರೆದು ಕೊಟ್ಟಳು. ಕೇಂಬ್ರಿಜಿನ ಟಿಂಡೇಲ್ ಹೌಸ್ ಮಾಡಿರುವುದು ಅದು, ಪೂರ್ತಿ ಉಚಿತ. ಇಂಗ್ಲಿಷ್ ಓದಲು ಬಂದರೆ ಸಾಕು, ಗ್ರೀಕ್ ಬರಬೇಕಿಲ್ಲ. ಒಂದು ಪದದ ಮೇಲೆ ಬೆರಳಿಟ್ಟರೆ ಮೂಲದ ಗ್ರೀಕ್ ಪದ, ಅದರ ಅರ್ಥ, ಅದು ಬೇರೆ ಎಲ್ಲೆಲ್ಲಿ ಬಂದಿದೆ ಎಲ್ಲ ಕಾಣುತ್ತದೆ. ಹಿಂದೆ ಇದಕ್ಕೆ ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಹೊರತಂದ ದಪ್ಪ ಪದಸೂಚಿಯನ್ನು ತಿರುವಿ ಹಾಕಬೇಕಿತ್ತು. ಪ್ರತಿ ಮೂಲಪದಕ್ಕೂ ಅವರು ಒಂದು ಸಂಖ್ಯೆ ಕೊಟ್ಟಿದ್ದರು. ಆ ಸಂಖ್ಯೆಗಳು ಇವತ್ತಿನ ಆ್ಯಪ್‌ಗಳಲ್ಲೂ ಹಾಗೇ ಇವೆ.

30ನೇ ವಚನ. ಆ ಮನುಷ್ಯ ಯೆರೂಸಲೇಮಿನಿಂದ 'ಇಳಿದು ಹೋಗುತ್ತಿದ್ದ'. 31ನೇ ವಚನ. ಯಾಜಕನಿಗೂ ಅದೇ ಕ್ರಿಯಾಪದ. ಅವನೂ 'ಇಳಿಯುತ್ತಿದ್ದ'.

ಇಳಿಯುವುದು ಅಂದರೆ ಯೆರಿಕೋ ಕಡೆಗೆ. ಅಂದರೆ ಆಲಯವನ್ನು ಬಿಟ್ಟು. ಅವನು ಆಲಯದ ಕಡೆಗೆ ಓಡುತ್ತಿದ್ದವನೇ ಅಲ್ಲ!

ನಾನು ಕನ್ನಡ ಬೈಬಲನ್ನು ಮತ್ತೆ ನೋಡಿದೆ. ಇಳಿಯುವ ಮಾತು ಅಲ್ಲೂ ಇತ್ತು. ಗ್ರೀಕ್ ಬೇಕಾಗಿರಲಿಲ್ಲ. ಎಷ್ಟೋ ಸಲ ಓದಿದ ವಚನದಲ್ಲಿ ಒಂದು ಸಣ್ಣ ಕ್ರಿಯಾಪದವನ್ನು ನನ್ನ ಕಣ್ಣು ನೋಡಿಯೇ ಇರಲಿಲ್ಲ. ಮೂಲಭಾಷೆಯ ಸಾಧನ ನನಗೆ ಮಾಡಿದ ದೊಡ್ಡ ಉಪಕಾರ, ನನ್ನ ಓದಿನ ವೇಗವನ್ನು ಕಡಿಮೆ ಮಾಡಿದ್ದು.

"ಆದರೆ ದೊಡ್ಡಮ್ಮ, ಹೆಣ ಮುಟ್ಟಿದರೆ ಯಾಜಕನಿಗೆ ಮೈಲಿಗೆ ಅಲ್ವಾ?" ಅಂದೆ. ಯಾಜಕಕಾಂಡದ 21ನೇ ಅಧ್ಯಾಯ ತೆಗೆಸಿದರು. ಹೌದು, ಹತ್ತಿರದ ರಕ್ತ ಸಂಬಂಧಿಗಳನ್ನು ಬಿಟ್ಟು ಬೇರೆಯವರ ಹೆಣದಿಂದ ಯಾಜಕ ಅಶುದ್ಧನಾಗಬಾರದು ಅಂತಿದೆ. ಆ ನಿಯಮ ಮನೆಗೆ ಹೋಗುವಾಗಲೂ ಇರುತ್ತದೆ. ಆದ್ದರಿಂದ ಅವನಿಗೆ ಹೆದರಿಕೆ ಇದ್ದಿರಬಹುದು. ಆದರೆ 'ಸೇವೆಗೆ ತಡವಾಗುತ್ತಿತ್ತು' ಅನ್ನುವ ನನ್ನ ಮಾತಿಗೆ ಎಲ್ಲೂ ಆಧಾರ ಇಲ್ಲ. ಬಿದ್ದವನು ಇನ್ನೂ ಸತ್ತಿರಲೂ ಇಲ್ಲ.

ಅಷ್ಟರಲ್ಲಿ ಚಹಾ ಬಂತು, ಜೊತೆಗೆ ಗೋಳಿಬಜೆ. ತಿನ್ನುತ್ತಾ 33ನೇ ವಚನಕ್ಕೆ ಬಂದೆವು. ಸಮಾರ್ಯದವನು ಅವನನ್ನು ಕಂಡು ಕನಿಕರಪಟ್ಟ. ಸ್ಟ್ರಾಂಗ್ ಅವರ ಪಟ್ಟಿಯಲ್ಲಿ ಈ ಪದದ ಸಂಖ್ಯೆ 4697. ಅದರ ಬೇರಿನಲ್ಲಿರುವ ಪದ 'ಸ್ಪ್ಲಾಂಖ್ನ'. ಅಂದರೆ ಹೊಟ್ಟೆಯ ಒಳಗಿನ ಅಂಗಗಳು. ಇಂಗ್ಲಿಷ್ ವಿವರಣೆಯನ್ನು ಓದಿ ನಾನು ಒದ್ದಾಡುತ್ತಿದ್ದೆ. ದೊಡ್ಡಮ್ಮ ಸೀದಾ ಹೇಳಿದರು, "ಕರುಳು ಚುರ್ ಅಂತಲ್ಲ, ಅದೇ. ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಕನ್ನಡದವರಿಗೆ ಕರುಣೆ ಇರುವುದೇ ಕರುಳಲ್ಲಿ."

ಎಷ್ಟು ನಿಜ! ಕರುಳಿನ ಕುಡಿ ಅನ್ನುತ್ತೇವೆ, ಕರುಳು ಕಿತ್ತು ಬಂತು ಅನ್ನುತ್ತೇವೆ. ಆ ಗ್ರೀಕ್ ಪದ ನಮ್ಮ ಅಡುಗೆಮನೆಯ ಮಾತಿನಲ್ಲೇ ಇದೆ. ಇದೇ ಕ್ರಿಯಾಪದ ಲೂಕನ ಸುವಾರ್ತೆಯಲ್ಲಿ ಇನ್ನು ಎರಡೇ ಕಡೆ ಬರುತ್ತದೆ. ನಾಯಿನ್ ಊರಿನ ವಿಧವೆಯ ಒಬ್ಬನೇ ಮಗನ ಹೆಣವನ್ನು ಹೊತ್ತು ತರುವಾಗ, ಅವಳನ್ನು ಕಂಡ ಯೇಸುವಿಗೆ ಒಂದು ಸಲ. ಮನೆಬಿಟ್ಟು ಹೋಗಿದ್ದ ಮಗ ದೂರದಲ್ಲಿ ಬರುವುದನ್ನು ಕಂಡ ತಂದೆಗೆ ಒಂದು ಸಲ. ಆ ಇಬ್ಬರ ಪಕ್ಕದಲ್ಲಿ ಲೂಕ ಈ ಸಮಾರ್ಯದವನನ್ನು ನಿಲ್ಲಿಸಿದ್ದಾನೆ. ನಾನು ಚಹಾ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕಣ್ಣು ತುಂಬಿತ್ತು.

ಇನ್ನೊಂದು ಪದ ನನ್ನನ್ನು ಕಾಡಿತು, 'ನೆರೆಯವನು'. ದೊಡ್ಡಮ್ಮ ಎದ್ದು ಕಿಟ್ಟೆಲ್ ನಿಘಂಟು ತಂದರು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಹತ್ತಾರು ವರ್ಷ ದುಡಿದು ಮಾಡಿದ ಕೆಲಸ. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ ಅಚ್ಚಾದದ್ದು, 1,700ಕ್ಕೂ ಜಾಸ್ತಿ ಪುಟ. ನಮ್ಮ ಹಳೆಯ ಸತ್ಯವೇದದ ಕನ್ನಡ ಎಷ್ಟೋ ಕಡೆ ಇವತ್ತಿನ ಮಕ್ಕಳಿಗೆ ಗೊತ್ತಾಗುವುದಿಲ್ಲ. ಅದನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಸಂಗಾತಿಯನ್ನು ನಾನು ಕಂಡಿಲ್ಲ. ಮಿಷನ್ನಿನವರು ಬೈಬಲಿಗಾಗಿ ಕನ್ನಡ ಕಲಿತರು. ಈಗ ನಾವು ಅವರ ನಿಘಂಟನ್ನು ಹಿಡಿದು ಬೈಬಲಿಗೆ ಹಿಂತಿರುಗುತ್ತಿದ್ದೇವೆ.

'ನೆರೆ' ಅಂದರೆ ಪಕ್ಕ. ಒಟ್ಟು ಸೇರುವುದೂ ನೆರೆಯುವುದೇ. "ಹಾಗಾದರೆ ನೆರೆಯವನು ಅಂದರೆ ಬಂದು ಸೇರಿದವನು!" ಅಂತ ನಾನು ಉತ್ಸಾಹದಲ್ಲಿ ಕೂಗಿಬಿಟ್ಟೆ. ದೊಡ್ಡಮ್ಮ ಬೆರಳು ಎತ್ತಿದರು. "ಚಂದ ಇದೆ. ಆದರೆ ಅದು ಕನ್ನಡದ ಚಂದ. ಲೂಕ ಹಾಗೆ ಬರೆದ ಅಂತ ಮಕ್ಕಳಿಗೆ ಹೇಳಬೇಡ. ಅವನ ಪದಕ್ಕೆ ಹತ್ತಿರದವನು ಅಂತ ಮಾತ್ರ ಅರ್ಥ." ಆ ಎಚ್ಚರಿಕೆ ನನಗೆ ತುಂಬಾ ಬೇಕಿತ್ತು. ನಿಘಂಟು ಕೈಗೆ ಸಿಕ್ಕಿದಾಗ ನಮಗೆ ಇಷ್ಟವಾದ ಅರ್ಥವನ್ನು ಎತ್ತಿಕೊಂಡು ಓಡುವ ಆಸೆ ಬರುತ್ತದೆ.

ಕೊನೆಗೆ ಪುಟದ ಅಡಿಯಲ್ಲಿರುವ ಸಣ್ಣ ಅಕ್ಷರದ ವಚನ ಸೂಚನೆಗಳು. ಇವುಗಳನ್ನು ನಾನು ಯಾವತ್ತೂ ನೋಡಿದವಳಲ್ಲ. ಎರಡು ನಾಣ್ಯ ಅಂದರೆ ಎಷ್ಟು ಅಂತ ಮತ್ತಾಯ 20ರಲ್ಲಿ ಸಿಕ್ಕಿತು. ದ್ರಾಕ್ಷೆತೋಟದ ಆಳಿಗೆ ಒಂದು ದಿನಕ್ಕೆ ಒಂದು ನಾಣ್ಯ ಕೂಲಿ. ಅಂದರೆ ಸಮಾರ್ಯದವನು ಛತ್ರದವನಿಗೆ ಕೊಟ್ಟದ್ದು ಎರಡು ದಿನದ ದುಡಿಮೆ.

ಇನ್ನೊಂದನ್ನು ದೊಡ್ಡಮ್ಮನೇ ತೋರಿಸಿದರು, ಎರಡನೆಯ ಪೂರ್ವಕಾಲವೃತ್ತಾಂತದ 28ನೇ ಅಧ್ಯಾಯ. ಇಸ್ರಾಯೇಲ್ಯರು ಯೆಹೂದದ ಜನರನ್ನು ಸೆರೆಹಿಡಿದು ಸಮಾರ್ಯಕ್ಕೆ ಎಳೆದು ತರುತ್ತಾರೆ. ಓದೇದ ಎಂಬ ಪ್ರವಾದಿ ಎದುರು ನಿಂತು ಗದರಿಸುತ್ತಾನೆ. ಆಗ ಅಲ್ಲಿನ ಕೆಲವು ಮುಖ್ಯಸ್ಥರು ಎದ್ದು, ಬೆತ್ತಲೆ ಇದ್ದವರಿಗೆ ಬಟ್ಟೆ ತೊಡಿಸಿ, ಊಟ ನೀರು ಕೊಟ್ಟು, ಎಣ್ಣೆ ಹಚ್ಚಿ, ನಡೆಯಲಾರದವರನ್ನು ಕತ್ತೆಯ ಮೇಲೆ ಕೂರಿಸಿ ಕರೆದುಕೊಂಡು ಹೋಗುತ್ತಾರೆ. ಎಲ್ಲಿಗೆ? ಯೆರಿಕೋವಿಗೆ. ಬಿಟ್ಟು ಸಮಾರ್ಯಕ್ಕೆ ಹಿಂತಿರುಗುತ್ತಾರೆ.

ಬಟ್ಟೆ, ಎಣ್ಣೆ, ಸವಾರಿ, ಯೆರಿಕೋ, ಸಮಾರ್ಯ. ಯೇಸುವಿನ ಮಾತು ಕೇಳುತ್ತಿದ್ದ ಧರ್ಮೋಪದೇಶಕ ಶಾಸ್ತ್ರ ಓದಿದವನು. ಅವನಿಗೆ ಇದು ನೆನಪಾಗಿರಬೇಕು ಅಂತ ನನಗೆ ಅನಿಸುತ್ತದೆ.

ವ್ಯಾಖ್ಯಾನದ ಪುಸ್ತಕ ತೆಗೆಯುವಾಗ ಹೊರಗೆ ಕತ್ತಲಾಗಿತ್ತು. ದೊಡ್ಡಮ್ಮ ಅದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದರು. ಮೊದಲೇ ಓದಿದ್ದರೆ ಮೇಲಿನ ಅರ್ಧದಷ್ಟು ಮಾಹಿತಿ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು. ಆದರೆ 9ನೇ ಅಧ್ಯಾಯ ಓದಿ ಮೈ ಜುಮ್ಮೆಂದದ್ದು ಸಿಗುತ್ತಿರಲಿಲ್ಲ. ಈಗಲೂ ನಾನು ಅದೇ ಕ್ರಮ ಇಟ್ಟುಕೊಂಡಿದ್ದೇನೆ. ಎರಡು ಮೂರು ಕನ್ನಡ ಅನುವಾದಗಳನ್ನು ಪಕ್ಕಪಕ್ಕ ಇಟ್ಟು ಓದುತ್ತೇನೆ. ಅವು ಬೇರೆ ಬೇರೆ ಪದ ಹಾಕಿದ ಕಡೆ ನಿಂತು ಮೂಲ ನೋಡುತ್ತೇನೆ. ಬೇರೆಯವರ ವಿವರಣೆ ಆಮೇಲೆ.

ಮರುದಿನ ಸಂಡೇ ಸ್ಕೂಲಿನಲ್ಲಿ ಮೊದಲು ಆ ಹುಡುಗನ ಹೆಸರು ಕರೆದೆ. "ಹೋದ ವಾರ ನಾನು ಹೇಳಿದ್ದು ತಪ್ಪು. ಯಾಜಕ ದೇವಾಲಯದ ಕಡೆಯಿಂದ ಬರುತ್ತಿದ್ದದ್ದು. ನೀನು ಕೇಳಿದ್ದರಿಂದ ನನಗೆ ಗೊತ್ತಾಯಿತು" ಅಂದೆ. ಮಕ್ಕಳೆಲ್ಲ ಅವನ ಕಡೆ ತಿರುಗಿದರು. ಅವನು ರಬ್ಬರ್ ತೆಗೆದು ಹಿಂದಿನ ವಾರದ ಸಾಲನ್ನು ಅಳಿಸಿ ಹೊಸದಾಗಿ ಬರೆದ. ಮತ್ತೆ ಕೈ ಎತ್ತಿದ.

"ಲೇವಿಯ?"

ನಾನು ಉತ್ತರ ಹೇಳಲಿಲ್ಲ. ಅವನನ್ನು ಮುಂದೆ ಕರೆದು, 32ನೇ ವಚನ ತೋರಿಸಿದೆ. ಇಬ್ಬರೂ ಬೆರಳಿಟ್ಟು ಎರಡು ಸಲ ಓದಿದೆವು. ಆ ಸ್ಥಳಕ್ಕೆ ಬಂದ, ನೋಡಿದ, ಹೋದ. ಅಷ್ಟೇ. ಹತ್ತುತ್ತಿದ್ದನೋ ಇಳಿಯುತ್ತಿದ್ದನೋ ಅಂತ ಇಲ್ಲ.

"ಬರೆದಿಲ್ಲ ಟೀಚರ್."

"ಹೌದು. ಬರೆದಿಲ್ಲ."

"ಹಾಗಾದರೆ 'ಗೊತ್ತಿಲ್ಲ' ಅಂತ ಬರೆಯಲಾ?"

"ಬರಿ" ಅಂದೆ.